ನಾಲ್ಕನೆಯ ಆಣೆ

ಜನವರಿ 8, ಮಂಗಳವಾರ. ಬೆಳಿಗ್ಗೆ ಒಂಬತ್ತು

ಮಸಿ ಮತ್ತೆ ಹೆಪ್ಪುಗಟ್ಟಿತ್ತು. ಒಲೆಯ ಪಕ್ಕ ಇಟ್ಟೆ, ಕರಗಿತು. ಗಿರಣಿಯವನ ಉಯಿಲು ನಕಲು ಮಾಡಲು ಕುಳಿತರೆ ಮೊದಲ ಸಾಲಿನಲ್ಲೇ ತಡೆ. ಕಾಲ ಹೇಗೆ ನಮೂದಿಸುವುದು? ಇಪ್ಪತ್ತು ವರ್ಷ ಈ ಊರ ಚರ್ಚಿನ ಗುಮಾಸ್ತನಾಗಿ "ನಮ್ಮ ಒಡೆಯ ರಾಜನ ಆಳ್ವಿಕೆಯ ಇಷ್ಟನೆಯ ವರ್ಷ" ಎಂದು ಬರೆದ ಕೈ. ಹೋದ ವರ್ಷ ಇದೇ ತಿಂಗಳು ರಾಜನ ತಲೆ ಕಡಿದರು. ಈಗ ಯಾರ ಆಳ್ವಿಕೆ? ಎಷ್ಟನೆಯ ವರ್ಷ? ಪಾರ್ಲಿಮೆಂಟಿನ ಹೊಸ ಮುದ್ರೆಯ ಮೇಲೆ ಸ್ವಾತಂತ್ರ್ಯ ಮರಳಿ ಬಂದ ವರ್ಷ ಎಂದು ಕೆತ್ತಿದ್ದಾರಂತೆ. ಉಯಿಲಿನಲ್ಲಿ ಹಾಗೆ ಬರೆದರೆ ಗಿರಣಿಯವನ ಮಕ್ಕಳು ನಕ್ಕಾರು. ಬರೀ ಇಸವಿ ಹಾಕಿದೆ. ಅದಾದರೂ ಯಾವುದು — ಲಂಡನ್ನಿನ ವ್ಯಾಪಾರಿಗಳಿಗೆ ಆಗಲೇ 1650. ನಮಗೆ ಹೊಸ ವರ್ಷ ಹುಟ್ಟುವ ಮಾರ್ಚ್ ಇಪ್ಪತ್ತೈದರವರೆಗೆ 1649.

ಮಧ್ಯಾಹ್ನ

ಇಪ್ಸ್‌ವಿಚ್‌ನಿಂದ ಪಾರ್ಲಿಮೆಂಟಿನ ಆದೇಶ ಹೊತ್ತು ಸವಾರ ಬಂದ. ಹೊಸ ಪುಸ್ತಕ ಕಟ್ಟಬೇಕಂತೆ. ಹದಿನೆಂಟು ದಾಟಿದ ಗಂಡಸರೆಲ್ಲ ಫೆಬ್ರವರಿ ಇಪ್ಪತ್ತರೊಳಗೆ ಅದರಲ್ಲಿ ಸಹಿ ಹಾಕಬೇಕು. ಮೊದಲ ಪುಟದಲ್ಲಿ ನಾನು ಬರೆಯಬೇಕಾದದ್ದು ಒಂದೇ ವಾಕ್ಯ. ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ:

"ರಾಜನಾಗಲಿ, ಪ್ರಭುಗಳ ಸಭೆಯಾಗಲಿ ಇಲ್ಲದೆ ಈಗ ಸ್ಥಾಪಿತವಾಗಿರುವ ಇಂಗ್ಲೆಂಡಿನ ಗಣರಾಜ್ಯಕ್ಕೆ ನಾನು ನಿಷ್ಠನೂ ಪ್ರಾಮಾಣಿಕನೂ ಆಗಿರುವೆನೆಂದು ಘೋಷಿಸಿ ವಚನ ಕೊಡುತ್ತೇನೆ."

ಅಕ್ಷರ ಚೆನ್ನಾಗಿ ಬಂದಿದೆ. ಒಣಗಲು ಬಿಟ್ಟು ಎದ್ದ ಮೇಲೆ ಅರ್ಥ ತಟ್ಟಿತು.

ದಮಾರಿಸ್ ಹಿಟ್ಟಿನ ಕೈಯಲ್ಲೇ ಬಂದು ಭುಜದ ಮೇಲಿಂದ ನೋಡಿದಳು. "ಇನ್ನೊಂದಾ? ಗಂಡಸ್ರು ಎಷ್ಟು ಸಲ ಆಣೆ ಇಡ್ತೀರಪ್ಪ. ನಾನು ಒಂದೇ ಸಲ ಇಟ್ಟೆ, ನಿಮ್ಮನ್ನ ಕಟ್ಕೊಂಡಾಗ. ಇಪ್ಪತ್ತೆರಡು ವರ್ಷದಿಂದ ಅದರಲ್ಲೇ ಸಾಕಾಗಿದೆ."

ಜನವರಿ 9

ಚರ್ಚಿನ ಪೆಟ್ಟಿಗೆ ತೆಗೆದು ಹಳೆಯ ಪುಸ್ತಕಗಳನ್ನು ನೋಡಿದೆ. ನೋಡಬಾರದಿತ್ತು.

ಗುಮಾಸ್ತನಾದ ವರ್ಷ ರಾಜನಿಗೂ ಅವನ ವಂಶಕ್ಕೂ ವಿಧೇಯನೆಂದು ಬೈಬಲ್ ಮುಟ್ಟಿದ್ದೇನೆ. ಅದು ಒಂದು. ನಲವತ್ತೆರಡರಲ್ಲಿ, ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತುವ ಮುಂಚೆ, ರಾಜನ ಗೌರವವನ್ನೂ ಪಾರ್ಲಿಮೆಂಟಿನ ಅಧಿಕಾರವನ್ನೂ ಎರಡನ್ನೂ ಕಾಯುತ್ತೇನೆಂದು — ಎರಡು. ನಲವತ್ನಾಲ್ಕರ ಒಡಂಬಡಿಕೆ, ಎಲ್ಲರೂ ಬಲಗೈ ಮೇಲೆತ್ತಿ ದೇವರ ಮುಂದೆ ಹೇಳಿದ್ದು — ರಾಜನ ಜೀವಕ್ಕೆ ಅಪಾಯ ಬರಗೊಡೆವು ಎಂದು, ಆದರೆ ಅವನ ಸೈನ್ಯದ ಮೇಲೆ ಹೋರಾಡುತ್ತೇವೆ ಎಂದು. ಮೂರು. ಎಲ್ಲದರ ತಲೆಬರಹವೂ ನನ್ನ ಕೈಯದೇ. ಎಲ್ಲದರಲ್ಲೂ ಆರನೆಯ ಸಾಲು ನನ್ನದು: ಜೋಸಿಯಸ್ ಪೆಕ್.

ಹಳೆಯದು ಸುಳ್ಳಾದರೆ ಹೊಸದು ನಿಲ್ಲುತ್ತದೆ. ಹಳೆಯದು ನಿಜವಾದರೆ ಹೊಸದು ಸುಳ್ಳು. ಅಥವಾ ರಾಜ ಸತ್ತ ಮೇಲೆ ಹಳೆಯದು ತಾನಾಗಿ ಬಿದ್ದುಹೋಯಿತೇ? ಆದರೆ ವಂಶಕ್ಕೂ ಎಂದು ಹೇಳಿದ್ದೆನಲ್ಲ... ಅವನ ಮಗ ಸಮುದ್ರದಾಚೆ ಬದುಕಿದ್ದಾನೆ.

ತಲೆ ಸಿಡಿಯುತ್ತಿದೆ. ಪುಸ್ತಕ ಒಳಗಿಟ್ಟೆ.

ಜನವರಿ 13, ಭಾನುವಾರ

ಬೋಧಕ ಸೀಲಿ ಇಂದು ಎರಡು ಗಂಟೆ ಉಪದೇಶ ಮಾಡಿದರು. ಒಬದಯಾ ಸೀಲಿ ಸುಮ್ಮನೆ ಕೂಗುವ ಮನುಷ್ಯರಲ್ಲ. ಇಂದು ಕೂಗಿದರು. "ಈ ಕೈ! ದೇವರ ಮುಂದೆ ಎತ್ತಿದ ಕೈ! ಇದನ್ನ ಇಳಿಸೋಕೆ ಯಾವ ಪಾರ್ಲಿಮೆಂಟಿಗೆ ಹಕ್ಕಿದೆ?" ಇವರೇ ಯುದ್ಧದಲ್ಲಿ ಪಾರ್ಲಿಮೆಂಟಿನ ಕಡೆ ನಿಂತು, ನಮ್ಮ ಹುಡುಗರನ್ನು ಹರಸಿ ಕಳಿಸಿದವರು. ರಾಜನ ವಿರುದ್ಧ ಹೋರಾಡಿದವರು ಈಗ ರಾಜನಿಗಾಗಿ ಅಳುತ್ತಿದ್ದಾರೆ. ಎದುರಿನ ಸಾಲಿನಲ್ಲಿ ರೇನಾಲ್ಡ್ ಗೂಚ್ — ರಾಜನ ಪರ ಕತ್ತಿ ಹಿಡಿದು, ದಂಡ ಕಟ್ಟಿ ಮನೆಗೆ ಬಂದವನು — ಆಕಳಿಸುತ್ತ ಕೂತಿದ್ದ.

ಉಪದೇಶ ಕೇಳುವಾಗ ಸಹಿ ಹಾಕುವುದಿಲ್ಲ ಎಂದು ನಿರ್ಧರಿಸಿದೆ. ಊಟಕ್ಕೆ ಕುಳಿತಾಗ ನಿರ್ಧಾರ ಇರಲಿಲ್ಲ.

ಜನವರಿ 17

ವಕೀಲ ಟಿಲ್ನಿ ಬಂದಿದ್ದರು, ತಂಗಿ ತೋಮಸಿನಳ ವ್ಯಾಜ್ಯದ ವಿಷಯಕ್ಕೆ. ಅವಳ ಗಂಡ ಸೈಮನ್ ಗೂಚ್ ಯುದ್ಧಕ್ಕೆ ಹೋಗುವ ಮುಂಚೆ ಮನೆ ಮತ್ತು ಹೊಳೆಯಂಚಿನ ಹುಲ್ಲುಗಾವಲನ್ನು ಅವಳ ಜೀವನಕ್ಕೆಂದು ನನ್ನ ಹೆಸರಿಗೆ ಬರೆದಿಟ್ಟ. ನೇಸ್‌ಬಿಯ ಕದನದಲ್ಲಿ ಸತ್ತ, ಪಾರ್ಲಿಮೆಂಟಿನ ಪರವಾಗಿ. ಎದುರು ಪಾಳೆಯದಲ್ಲಿದ್ದ ಅವನ ಅಣ್ಣ ರೇನಾಲ್ಡ್ ವಾಪಸು ಬಂದವನೇ ಮನೆಗೆ ಬೀಗ ಜಡಿದು ಕುಳಿತ. ನಾಲ್ಕು ವರ್ಷದಿಂದ ತೋಮಸಿನ್ ನಮ್ಮ ಅಟ್ಟದ ಕೋಣೆಯಲ್ಲಿದ್ದಾಳೆ. ಮಾರ್ಚಿನಲ್ಲಿ ಬೆರಿ ಪಟ್ಟಣಕ್ಕೆ ನ್ಯಾಯಾಧೀಶರು ಬಂದಾಗ ವಿಚಾರಣೆ.

ಟಿಲ್ನಿ ಒಲೆಗೆ ಬೆನ್ನು ಕೊಟ್ಟು ನಿಂತು ಹೇಳಿದರು: "ದಾವೆ ಹೂಡಿರೋದು ನಿಮ್ಮ ಹೆಸರಲ್ಲಿ, ಪೆಕ್ ಅವರೇ. ಹೊಸ ಕಾಯ್ದೆ ಓದಿದ್ರಾ? ಸಹಿ ಹಾಕದೋನಿಗೆ ಕೋರ್ಟಿನ ಬಾಗಿಲೇ ಇಲ್ಲ. ಗೂಚ್ ಎದ್ದು ನಿಂತು 'ಇವರು ಸಹಿ ಹಾಕಿಲ್ಲ' ಅಂದ್ರೆ ಮುಗೀತು. ಅರ್ಧ ನಿಮಿಷದ ಕೆಲಸ."

"ನನಗೆ ಒಡಂಬಡಿಕೆ ಅಡ್ಡ ಬರುತ್ತೆ."

"ಅದು ಆಣೆ. ಇದು ಆಣೆ ಅಲ್ವಲ್ಲ! ಸರಿಯಾಗಿ ಓದಿ — ಘೋಷಿಸ್ತೀನಿ, ವಚನ ಕೊಡ್ತೀನಿ. ದೇವರ ಹೆಸರೇ ಇಲ್ಲ. ಆಮೇಲೆ 'ಈಗ ಸ್ಥಾಪಿತವಾಗಿರುವ' ಅಂತ ಇದೆ. ಈಗ ಅಂದ್ರೆ ಈಗ. ನಾಳೆ ಬಗ್ಗೆ ನಿಮ್ಮನ್ನ ಯಾರು ಕೇಳಿದ್ರು?"

"ಅಂದ್ರೆ ಅದಕ್ಕೆ ಅರ್ಥವೇ ಇಲ್ವಾ?"

"ಅರ್ಥ ಇದೆ. ನಿಮಗೆ ಬೇಕಾದಷ್ಟು ಇದೆ."

ಹೋಗುವಾಗ ಎರಡು ಕರಪತ್ರ ಕೊಟ್ಟು ಹೋದರು. ಒಂದರಲ್ಲಿ — ಕತ್ತಿ ಯಾರ ಕೈಲಿದೆಯೋ, ನಮ್ಮನ್ನು ಯಾರು ಕಾಯುತ್ತಾರೋ ಅವರಿಗೆ ವಿಧೇಯರಾಗಿರಬೇಕು. ಅಧಿಕಾರ ಹೇಗೆ ಬಂತೆಂದು ಪ್ರಜೆ ಕೇಳಬೇಕಿಲ್ಲ. ಇನ್ನೊಂದರಲ್ಲಿ — ಹಾಗಾದರೆ ದಾರಿಗಳ್ಳನಿಗೂ ವಿಧೇಯರಾಗಬೇಕಾದೀತು. ಬರೆದವರಿಬ್ಬರೂ ಬೈಬಲಿನಲ್ಲಿ ಪೌಲ ಹೇಳಿದ, ಆಳುವವರಿಗೆ ಅಧೀನರಾಗಿರಿ ಎಂಬ ಒಂದೇ ವಚನವನ್ನು ಎತ್ತಿಕೊಂಡಿದ್ದಾರೆ. ಮೊದಲನೆಯದು ಓದುವಾಗ ಅದೇ ಸರಿ ಅನಿಸಿತು. ಎರಡನೆಯದು ಓದುವಾಗ ಇದೇ ಸರಿ.

ಜನವರಿ 22

ಪುಸ್ತಕ ಚರ್ಚಿನ ಹಿಂದಿನ ಕೋಣೆಯಲ್ಲಿಟ್ಟು ಕಾಯುತ್ತಿದ್ದೇನೆ. ಮೊದಲು ಬಂದವನು ಯಾರು? ರೇನಾಲ್ಡ್ ಗೂಚ್! ಬೂಟಿನ ಕೆಸರು ಕೊಡವದೇ ಒಳಗೆ ಬಂದ.

"ಎಲ್ಲಿ ಹಾಕ್ಬೇಕು ಗುಮಾಸ್ತರೇ? ಇಲ್ಲೇ ಮೇಲ್ಗಡೆ? ಚೆನ್ನಾಗಿ ಕಾಣೋ ಹಾಗೆ ಹಾಕ್ತೀನಿ."

"ನೀನು ರಾಜನ ಪರ ಕತ್ತಿ ಹಿಡಿದೋನು," ಅಂದೆ. ಬಾಯಿ ತಡೆಯಲಾಗಲಿಲ್ಲ.

"ಹಿಡಿದೆ. ಸೋತೆ. ಗೆದ್ದೋರು ಕಾಗದ ತಂದ್ರು, ಸಹಿ ಹಾಕ್ತೀನಿ. ನಾಳೆ ರಾಜನ ಮಗ ಬಂದು ಇನ್ನೊಂದು ಕಾಗದ ತಂದ್ರೆ ಅದಕ್ಕೂ ಹಾಕ್ತೀನಿ. ಬಲವಂತಕ್ಕೆ ಕೊಟ್ಟ ಮಾತು ಮಾತಲ್ಲ ಕಣಯ್ಯ. ನಿಮ್ಮಂಥ ಭಕ್ತರಿಗೆ ಕಷ್ಟ — ನೀವು ಹೇಳಿದ್ದನ್ನೆಲ್ಲ ನಂಬ್ತೀರಿ." ಸಹಿಯ ಕೆಳಗೆ ದೊಡ್ಡದೊಂದು ಸುಳಿ ಎಳೆದ. ಬಾಗಿಲಲ್ಲಿ ತಿರುಗಿ, "ಬೆರಿ ಕೋರ್ಟಲ್ಲಿ ಸಿಗೋಣ. ಒಳಗೆ ಬಿಟ್ರೆ," ಅಂದ.

ನನಗಿಂತ ಅವನ ಯೋಚನೆ ನೇರವಾಗಿದೆ. ಅದೇ ನನ್ನನ್ನು ಹೆಚ್ಚು ಹೆದರಿಸುತ್ತಿದೆ.

ಜನವರಿ 30

ರಾಜನ ತಲೆ ಬಿದ್ದು ಇಂದಿಗೆ ಒಂದು ವರ್ಷವಾಯಿತು. ಯಾರೂ ಏನೂ ಹೇಳಲಿಲ್ಲ. ಅಂಗಡಿ ತೆರೆದಿತ್ತು. ಬೋಧಕ ಸೀಲಿಯವರ ಮನೆಯ ಕಿಟಕಿ ಮುಚ್ಚಿತ್ತು.

ಬಟಾಣಿ ಗಂಜಿ, ಒಣ ಮೀನು. ತೋಮಸಿನ್ ಕಲ್ಲಿನಂತೆ ಗಟ್ಟಿಯಾದ ಸಫೋಕ್ ಸೀಮೆಯ ಗಿಣ್ಣು ಕತ್ತರಿಸಲು ಹೆಣಗುತ್ತ ಕೇಳಿದಳು: "ಅಣ್ಣಾ, ಸಹಿ ಹಾಕಿದೆಯಾ?"

"ಇನ್ನೂ ಯೋಚಿಸ್ತಿದ್ದೀನಿ."

ಚಾಕು ಕೆಳಗಿಟ್ಟಳು. "ನನ್ನನ್ನ ಯಾರೂ ಆಣೆ ಕೇಳಲ್ಲ. ರಾಜ ಇದ್ದಾಗ್ಲೂ ಕೇಳಲಿಲ್ಲ, ಈಗ್ಲೂ ಕೇಳಲಿಲ್ಲ. ಸೈಮನ್ ಇವರಿಗೋಸ್ಕರ ಸತ್ತ. ಇವರ ಕೋರ್ಟಿಗೆ ಹೋಗಿ ನನ್ನ ಮನೆ ಕೊಡಿ ಅನ್ನೋಕೆ ನಿನ್ನ ಸಹಿ ಬೇಕು. ನನ್ನದಲ್ಲ, ನಿನ್ನದು. ಇದು ಯಾವ ಸೀಮೆ ನ್ಯಾಯ ಅಂತ ಹೇಳು, ನೀನು ಓದಿದೋನು."

ಅವಳಿಟ್ಟ ಚಾಕು ತೆಗೆದುಕೊಂಡು ಗಿಣ್ಣನ್ನು ನಾನೇ ಕತ್ತರಿಸತೊಡಗಿದೆ.

"ಹಾಕು ಅಂತ ಅನ್ನಲ್ಲ ನಾನು. ನಿನ್ನ ಆತ್ಮ ನಿನ್ನದು. ಆದ್ರೆ ಯೋಚಿಸ್ತೀನಿ, ಯೋಚಿಸ್ತೀನಿ ಅಂತ ತಾರೀಖು ದಾಟಿಸ್ಬೇಡ. ಹಾಕಲ್ಲ ಅಂದ್ರೆ ಹಾಕಲ್ಲ ಅನ್ನು. ನಾನು ಅಟ್ಟಕ್ಕೆ ಇನ್ನೊಂದು ಕಂಬಳಿ ಹೊಲ್ಕೋತೀನಿ."

ಫೆಬ್ರವರಿ 6

ಬೋಧಕರನ್ನು ಕಾಣಲು ಹೋದೆ. ಉಪದೇಶದಲ್ಲಿ ಕೂಗಿದ ಮನುಷ್ಯ ಅಲ್ಲಿರಲಿಲ್ಲ. ಕಿರಿಯ ಮಗುವಿಗೆ ಕೆಮ್ಮು; ಎತ್ತಿಕೊಂಡು ಅಡ್ಡಾಡುತ್ತಿದ್ದರು. ಐದು ಮಕ್ಕಳು. ಹೆಂಡತಿ ಆಗಲೇ ಪಾತ್ರೆ ಕಟ್ಟಿಡುತ್ತಿದ್ದಾರೆ — ಸಹಿ ಹಾಕದ ಬೋಧಕನಿಗೆ ಚರ್ಚಿನ ಮನೆ ತಪ್ಪುತ್ತದೆ.

"ನಾನು ಏನು ಮಾಡ್ಲಿ ಸ್ವಾಮಿ?" ಅಂದೆ.

"ನನ್ನ ಕೇಳ್ಬೇಡಿ ಪೆಕ್. ನಲವತ್ನಾಲ್ಕರಲ್ಲಿ ನಿಮ್ಮ ಕೈ ಎತ್ತಿಸಿದ್ದು ನಾನು. ಅವತ್ತು ನನಗೆ ಎಲ್ಲ ಗೊತ್ತಿತ್ತು." ಸ್ವಲ್ಪ ಹೊತ್ತು ಮಗುವಿನ ಬೆನ್ನು ತಟ್ಟಿದರು. "ಒಡಂಬಡಿಕೆಯಲ್ಲಿ ರಾಜನ ಜೀವ ಕಾಯ್ತೀವಿ ಅಂದೆವು. ಅವನ ಮೇಲೆ ಸೈನ್ಯ ಕಳಿಸಿದೆವು. ಗುಂಡಿಗೆ ರಾಜ ಯಾರು, ಸೈನಿಕ ಯಾರು ಅಂತ ಗೊತ್ತಾಗುತ್ತಾ? ಅವತ್ತೇ ಯೋಚಿಸ್ಬೇಕಿತ್ತು. ಈಗ ಈ ಒಂದು ಕೈ ಉಳಿದಿದೆ. ಇದನ್ನೂ ಇಳಿಸಿದ್ರೆ ನಾನು ಯಾರು ಅಂತ ನನಗೇ ತಿಳಿಯಲ್ಲ. ಅಷ್ಟೇ ನನ್ನ ವಾದ."

"ಉಪದೇಶದಲ್ಲಿ ಬೇರೆ ಥರ ಹೇಳಿದ್ರಿ."

"ಉಪದೇಶದಲ್ಲಿ ಮಗು ಕೆಮ್ಮಲ್ಲ."

ಫೆಬ್ರವರಿ 15

ಊಟ ಸೇರುತ್ತಿಲ್ಲ. ಪುಸ್ತಕದಲ್ಲಿ ಇದುವರೆಗೆ ನಲವತ್ತೊಂದು ಹೆಸರು. ಕಮ್ಮಾರ ಕೇಳಿದ: "ಪೆಕ್ಕಣ್ಣ, ಇದರಲ್ಲಿ ಏನು ಬರೆದಿದೆ?" ಓದಿ ಹೇಳಿದೆ. "ಓ, ಸುಮ್ಮನಿರ್ತೀನಿ ಅಂತ ತಾನೆ?" ಎಂದು ಗುರುತು ಹಾಕಿ ಹೋದ.

ಸುಮ್ಮನಿರುತ್ತೇನೆ ಎಂಬುದಷ್ಟೇ ಅರ್ಥವಾಗಿದ್ದರೆ...

ಫೆಬ್ರವರಿ 20, ಬುಧವಾರ. ಸಂಜೆ ನಾಲ್ಕು

ಹಾಕಿದೆ.

ಫೆಬ್ರವರಿ 28

ಎಂಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು?

ಇಂದು ಸುದ್ದಿ ಬಂತು — ಲಂಡನ್ನಿನಲ್ಲಿ ಗಡುವನ್ನು ಮುಂದಕ್ಕೆ ಹಾಕಿದ್ದಾರೆ. ಇನ್ನೂ ಒಂದು ತಿಂಗಳು ಯೋಚಿಸಬಹುದಿತ್ತಂತೆ! ದಮಾರಿಸ್ ನಗಲು ಶುರು ಮಾಡಿದಳು. ನಿಲ್ಲಿಸಲು ಅವಳಿಗೇ ಆಗಲಿಲ್ಲ. "ದೇವರು ದೊಡ್ಡೋನು ರೀ. ಇನ್ನೊಂದು ತಿಂಗಳು ನಿಮ್ಮ ಮುಖ ಹಾಗೇ ನೋಡ್ಬೇಕಾಗಿತ್ತು." ನಾನೂ ನಕ್ಕೆ. ಆಮೇಲೆ ಕೊಟ್ಟಿಗೆಗೆ ಹೋಗಿ ಒಬ್ಬನೇ ನಿಂತಿದ್ದೆ.

ಬೋಧಕರು ನನ್ನನ್ನು ಕಂಡರೆ ಮೊದಲಿನಂತೆಯೇ ಟೋಪಿ ಎತ್ತುತ್ತಾರೆ. ತಿರಸ್ಕರಿಸಿದ್ದರೆ ಸುಲಭವಿತ್ತು.

ಮಾರ್ಚ್ 15. ಬೆರಿ ಪಟ್ಟಣ, ಛತ್ರ

ಗೆದ್ದೆವು. ಟಿಲ್ನಿ ಹೇಳಿದಂತೆಯೇ, ಗಡುವಿಗೆ ಇನ್ನೂ ದಿನವಿದ್ದರೂ, ಗೂಚ್‌ನ ವಕೀಲ ಎದ್ದವನೇ ಕೇಳಿದ: "ವಾದಿಗಳು ಗಣರಾಜ್ಯಕ್ಕೆ ವಚನ ಕೊಟ್ಟಿದ್ದಾರೋ?" ಟಿಲ್ನಿ ಪ್ರಮಾಣಪತ್ರ ಮುಂದಿಟ್ಟರು. ಗೂಚ್ ನನ್ನತ್ತ ತಿರುಗಿ ನೋಡಿದ — ಕೋಪದಿಂದಲ್ಲ. ಪರವಾಗಿಲ್ವೇ ನೀನೂ ಅನ್ನುವ ಹಾಗೆ. ಆ ನೋಟ ಮೈಮೇಲೆ ಅಂಟಿಕೊಂಡಿದೆ.

ಜೂರಿ ಎದ್ದು ಹೋಗಲೂ ಇಲ್ಲ. ಕೂತಲ್ಲೇ ಪಿಸುಗುಟ್ಟಿ ತೀರ್ಪು ಕೊಟ್ಟರು. ತೋಮಸಿನ್ ಅಳಲಿಲ್ಲ. "ಹೊಳೆ ಕಡೆ ಬೇಲಿ ಮುರಿದು ಹಾಕಿರ್ತಾನೆ," ಅಂದಳಷ್ಟೆ. ಊರ ದಾರಿಯಲ್ಲಿ ಗಾಡಿಯಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು. ಮನೆ ಬರುವವರೆಗೂ ಬಿಡಲಿಲ್ಲವೆಂದು ಬರೆಯಬೇಕೆಂದಿದ್ದೆ, ಆದರೆ ಮಳೆ ಹಿಡಿದು ಗಾಡಿ ತಿರುಗಿಸಬೇಕಾಯಿತು. ಮತ್ತೆ ಛತ್ರದಲ್ಲೇ ಇದ್ದೇವೆ.

ಮಾರ್ಚ್ 25, ಸೋಮವಾರ. ಹೊಸ ವರ್ಷ

ಗಡುವು ಮುಗಿದದ್ದೇ ಬೋಧಕರನ್ನು ಚರ್ಚಿನ ಮನೆಯಿಂದ ಹೊರಗೆ ಹಾಕಿದರು. ಕ್ಯಾಪ್ಟನ್ ಮ್ಯಾಬ್, ಇಪ್ಸ್‌ವಿಚ್‌ನಿಂದ ನಾಲ್ವರು ಸೈನಿಕರ ಜೊತೆ ಬಂದಿದ್ದ. ಒರಟನಲ್ಲ, ತೊಟ್ಟಿಲನ್ನು ತಾನೇ ಹೊತ್ತು ತಂದು ರಸ್ತೆಯಲ್ಲಿಟ್ಟ. "ನಾನೂ ಒಡಂಬಡಿಕೆ ಮಾಡಿದೋನೇ ಸ್ವಾಮಿ. ಆಮೇಲೆ ಎಷ್ಟೋ ಆಯ್ತು," ಅಂದ.

ರಸ್ತೆಯಲ್ಲಿ ಐದು ಮಕ್ಕಳು, ಒಂದು ಪೆಟ್ಟಿಗೆ ಪುಸ್ತಕ. ಊರವರು ಕಿಟಕಿಯಿಂದ ನೋಡುತ್ತಿದ್ದರು. ನಾನೂ ನಿಂತಿದ್ದೆ, ಹೊಸ ಬೋಧಕ ಬರುವವರೆಗೆ ಬೀಗದ ಕೈ ತೆಗೆದುಕೊಳ್ಳಲು. ಅದೇ ನನ್ನ ಕೆಲಸ.

ತೋಮಸಿನ್ ತನ್ನ ಮನೆಯ ದಿಕ್ಕಿನಿಂದ ಬಂದಳು. ಅಂಗಿಯ ತೋಳು ಮೇಲಕ್ಕೆ ಮಡಚಿತ್ತು, ಕೈಗೆಲ್ಲ ಸುಣ್ಣ. ಯಾರನ್ನೂ ಕೇಳದೆ ತೊಟ್ಟಿಲಿನ ಒಂದು ಕಡೆ ಹಿಡಿದು ಬೋಧಕರ ಹೆಂಡತಿಗೆ ಹೇಳಿದಳು: "ಅಮ್ಮಾ, ಆ ಕಡೆ ಹಿಡೀರಿ. ನನ್ನ ಮನೇಲಿ ಮೂರು ಕೋಣೆ ಇದೆ, ನಾನೊಬ್ಬಳೇ."

ಬೋಧಕರು ನನ್ನತ್ತ ನೋಡಿದರು. ನನ್ನ ಸಹಿಯಿಂದ ಬಂದ ಮನೆ ಅದು, ಅವರಿಗೆ ಗೊತ್ತು. ಆಮೇಲೆ ಪುಸ್ತಕದ ಪೆಟ್ಟಿಗೆ ಎತ್ತಿಕೊಂಡು ಅವಳ ಹಿಂದೆ ನಡೆದರು.

ಸಂತೋಷಪಡಬೇಕೋ ನಾಚಬೇಕೋ ತಿಳಿಯದೆ ಬೀಗ ಹಾಕಿದೆ.

ಏಪ್ರಿಲ್ 9

ಇನ್ನೊಂದು ಆದೇಶ. ಊರಿನಲ್ಲಿ ಸಹಿ ಹಾಕದವರು ಯಾರು, ಎಲ್ಲಿ ವಾಸ, ಯಾರ ಆಶ್ರಯದಲ್ಲಿ — ಗುಮಾಸ್ತ ಪಟ್ಟಿ ಮಾಡಿ, ನಿಜವೆಂದು ಪ್ರಮಾಣ ಮಾಡಿ ಕಳಿಸಬೇಕು. ಎರಡು ದಿನದಲ್ಲಿ ಸವಾರ ಬಂದು ಒಯ್ಯುತ್ತಾನೆ.

ಇದರ ಹಿಂದೆ ಗೂಚ್ ಇದ್ದಾನೆಂದು ಟಿಲ್ನಿ ಹೇಳಿ ಕಳಿಸಿದ್ದಾರೆ. ತೋಮಸಿನಳ ಮನೆ ಗಣರಾಜ್ಯದ ವೈರಿಗಳ ಗೂಡು ಎಂದು ಕ್ಯಾಪ್ಟನ್ನಿಗೆ ಅರ್ಜಿ ಕೊಟ್ಟಿದ್ದಾನಂತೆ. ಪಟ್ಟಿಯಲ್ಲಿ ಆ ಮನೆಯ ಹೆಸರು ಬಂದರೆ ಸಾಕು, ಮತ್ತೆ ಕೈಹಾಕಲು ಅವನಿಗೆ ನೆಪ. ರಾಜನ ಪರ ಹೋರಾಡಿದವನು, ಪಾರ್ಲಿಮೆಂಟಿಗಾಗಿ ಸತ್ತವನ ವಿಧವೆಯ ಮೇಲೆ, ಪಾರ್ಲಿಮೆಂಟಿನ ಹೆಸರಲ್ಲಿ...

ಸಹಿ ಹಾಕದವರು ಊರಿನಲ್ಲಿ ಬೋಧಕರೊಬ್ಬರೇ. "ಯಾರೂ ಇಲ್ಲ" ಎಂದು ಬರೆದೆ. ಗಣರಾಜ್ಯಕ್ಕೆ ಪ್ರಾಮಾಣಿಕನಾಗಿರುತ್ತೇನೆ ಎಂದಿದ್ದೆ — ಐವತ್ತು ದಿನವೂ ಆಗಿಲ್ಲ.

ಏಪ್ರಿಲ್ 10. ಬೆಳಿಗ್ಗೆ

ಬೋಧಕರೇ ಬಂದರು. ಊರಲ್ಲಿ ಏನು ಮುಚ್ಚಿಡಲು ಸಾಧ್ಯ!

"ಏನು ಬರೆದ್ರಿ ಪೆಕ್?"

ತೋರಿಸಿದೆ. ಓದಿ ಮೇಜಿನ ಮೇಲಿಟ್ಟರು. "ನನ್ನ ಹೆಸರು ಬರೀರಿ."

"ಬರೆದ್ರೆ ತೋಮಸಿನ್ ಮನೆಗೆ ಸಂಚಕಾರ."

"ನನಗೋಸ್ಕರ ನೀವು ದೇವರ ಮುಂದೆ ಸುಳ್ಳು ಹೇಳಿದ್ರೆ, ನಾನು ಕೈ ಇಳಿಸ್ದೆ ಉಳಿಸಿಕೊಂಡದ್ದೇನು? ನಿಮ್ಮ ಕೈ ಕೊಟ್ಟು ನನ್ನ ಕೈ ಕಾಯ್ಕೊಂಡ ಹಾಗಾಯ್ತು. ಬೇಡ. ನಾವು ನಾಳೆ ಹೊರಡ್ತೀವಿ."

"ಎಲ್ಲಿಗೆ?"

ಟೋಪಿ ತಲೆಗಿಟ್ಟು ಬಾಗಿಲ ಕಡೆ ತಿರುಗಿದರು. ಕಿರಿಯ ಮಗುವಿನ ಕೆಮ್ಮು ಇನ್ನೂ ಹೋಗಿಲ್ಲ.

ದಮಾರಿಸ್ ಒಳಗಿನಿಂದ ಬಂದಳು. ಇಷ್ಟು ದಿನ ನಕ್ಕು, ಚುಚ್ಚಿ ಸುಮ್ಮನಿದ್ದವಳು. "ನೀವಿಬ್ಬರೂ ಓದಿದೋರು. ಒಂದು ಕೇಳ್ತೀನಿ. ಕಾಗದದಲ್ಲಿ ನಿಜ ಬರೀಬೇಕು, ಅಲ್ವಾ? ಬೋಧಕರು ತೋಮಸಿನ್ ಮನೇಲಿ ಇದ್ರೆ ಅವಳಿಗೆ ತೊಂದರೆ, ಅಲ್ವಾ?"

"ಹೌದು," ಅಂದೆವು ಇಬ್ಬರೂ.

"ಹಾಗಾದ್ರೆ ಅವರು ಅಲ್ಲಿ ಇರೋದು ಬೇಡ. ಇಲ್ಲಿ ಇರ್ಲಿ. ಅಟ್ಟದ ಕೋಣೆ ಖಾಲಿ ಇದೆ. ಆಮೇಲೆ ನಿಜ ಬರೀರಿ, ಇಲ್ಲಿದ್ದಾರೆ ಅಂತ."

"ನನ್ನ ಗುಮಾಸ್ತಿಕೆ ಹೋಗುತ್ತೆ ದಮಾರಿಸ್."

"ಹೋಗ್ಬಹುದು. ನಿಮಗೆ ಅಕ್ಷರ ಬರುತ್ತೆ, ಇನ್ನೇನೋ ಬರೀತೀರಿ. ಆ ಪುಸ್ತಕಗಳನ್ನ ಬರೆದೂ ಬರೆದೂ ನಿಮ್ಮ ಮುಖ ನೋಡೋಕಾಗ್ತಿಲ್ಲ."

ಬೋಧಕರು ಬೇಡವೆಂದರು. ಎರಡು ಸಲ ಬೇಡವೆಂದರು. ಮೂರನೆಯ ಸಲ ಅವಳೇ ಮಾತಾಡಲು ಬಿಡಲಿಲ್ಲ.

ಏಪ್ರಿಲ್ 11, ಗುರುವಾರ. ಬೆಳಿಗ್ಗೆ ಹತ್ತು

ಮುಂಜಾನೆಯಿಂದ ಸಾಮಾನು ಸಾಗುತ್ತಿದೆ. ತೋಮಸಿನ್ ಮೊದಲು ಜಗಳವಾಡಿದಳು — ನನ್ನ ಮನೆ, ನನ್ನ ಅತಿಥಿ, ಆ ರೇನಾಲ್ಡ್‌ಗೆ ಹೆದರಬೇಕಾ ಎಂದು. ಈಗ ಅವಳೇ ಮಕ್ಕಳ ಹಾಸಿಗೆ ಹೊತ್ತು ತರುತ್ತಿದ್ದಾಳೆ. ಗೂಚ್ ಬೇಲಿಯಾಚೆ ನಿಂತು ನೋಡಿದ. "ಏನು ಗುಮಾಸ್ತರೇ, ಹುಚ್ಚಾ?" ಅಂದ. ಮೊದಲ ಸಲ ಅವನಿಗೆ ನಾನು ಅರ್ಥವಾಗಲಿಲ್ಲ.

ಹಳೆಯ ಪಟ್ಟಿ ಒಲೆಗೆ ಹಾಕಿ ಹೊಸದು ಬರೆದೆ. ಸಹಿ ಮಾಡದವರು: ಒಬದಯಾ ಸೀಲಿ, ಬೋಧಕ. ವಾಸ: ಈ ಊರ ಗುಮಾಸ್ತ ಜೋಸಿಯಸ್ ಪೆಕ್‌ನ ಮನೆ. ಆಶ್ರಯ ಕೊಟ್ಟವರು: ಅವನೇ.

ಇದರಿಂದ ಯಾವ ಆಣೆ ಉಳಿಯಿತು, ಯಾವುದು ಮುರಿಯಿತು? ಲೆಕ್ಕ ಹಾಕಲು ಹೋದೆ, ತಿಳಿಯಲಿಲ್ಲ. ಗಣರಾಜ್ಯಕ್ಕೆ ಸುಳ್ಳು ಹೇಳಿಲ್ಲ. ಅದರ ವೈರಿಯನ್ನು ಮನೆಯಲ್ಲಿಟ್ಟುಕೊಂಡಿದ್ದೇನೆ. ಎರಡೂ ಒಂದೇ ಕೈ ಮಾಡಿದ್ದು. ಆದರೂ ಇಂದು ಗಂಜಿ ಎರಡು ಬಟ್ಟಲು ಹೋಯಿತು.

ಸವಾರನ ಕುದುರೆ ಸದ್ದು. ಪಟ್ಟಿಯ ಕೆಳಗೆ ನನ್ನ ಸಹಿಯೊಂದು ಬಾಕಿ, ಅದರ ಮೇಲೆ ಪ್ರಮಾಣದ ಸಾಲು. ಮಂಚ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿದೆಯಂತೆ. ಬೋಧಕರೊಬ್ಬರಿಂದ ಆಗುತ್ತಿಲ್ಲ, ದಮಾರಿಸ್ ಕೂಗುತ್ತಿದ್ದಾಳೆ — ಒಂದು ತುದಿ ಹಿಡೀರಿ ಬನ್ನಿ, ಆ ಸಹಿ ಆಮೇಲೆ ಹಾಕಿದ್ರೆ —